ಒಂದು ಪ್ರಿಂಟು ಇಳಿದ ಮೆಟ್ಟಿಲುಗಳು: ಇಟಲಿಯ ಮೇನ್ ಥಿಯೇಟರ್‌ಗಳ ಕಥೆ

1956ರ ಇಟಲಿ. ಒಂದು ಗುರುವಾರ ಸಂಜೆ. ಥಿಯೇಟರ್ ತುಂಬಿದೆ, ಸಿನಿಮಾ ಓಡುತ್ತಿದೆ. ಇದ್ದಕ್ಕಿದ್ದ ಹಾಗೆ ಪ್ರೊಜೆಕ್ಟರ್ ನಿಲ್ಲುತ್ತದೆ, ದೀಪಗಳು ಹತ್ತಿಕೊಳ್ಳುತ್ತವೆ. ರೀಲು ಕಟ್ ಆಗಿಲ್ಲ, ಕರೆಂಟೂ ಹೋಗಿಲ್ಲ. ಪರದೆಯ ಮುಂದೆ ಒಂದು ಟೀವಿ ಪೆಟ್ಟಿಗೆ ತಂದಿಟ್ಟಿದ್ದಾರೆ. ಯಾರೂ ಶಿಳ್ಳೆ ಹೊಡೆದು ಗಲಾಟೆ ಮಾಡುವುದಿಲ್ಲ. ಎಷ್ಟೋ ಜನ ಬಂದಿರುವುದೇ ಆ ಪೆಟ್ಟಿಗೆಗಾಗಿ. ಟೀವಿಯಲ್ಲಿ ನಿರೂಪಕ ಮೈಕ್ ಬೊಂಜೋರ್ನೊ ಕಾಣಿಸಿಕೊಳ್ಳುತ್ತಾನೆ. 'ಲಾಷಾ ಓ ರದ್ದೊಪ್ಪಿಯಾ' ಶುರುವಾಗುತ್ತದೆ. 'ಬಿಡ್ತೀಯೋ, ದುಪ್ಪಟ್ಟು ಮಾಡ್ತೀಯೋ' ಅಂತ ಅದರ ಅರ್ಥ. ನಮ್ಮ ಕೋಟ್ಯಧಿಪತಿ ಥರದ ಪ್ರಶ್ನೋತ್ತರದ ಆಟ. ಅದು ಮುಗಿದ ಮೇಲೆ ನಿಲ್ಲಿಸಿದ ಸಿನಿಮಾ ಮುಂದುವರಿಯುತ್ತದೆ.

ಆ ಕಾರ್ಯಕ್ರಮ 1955ರ ನವೆಂಬರಿನಲ್ಲಿ ಶುರುವಾದಾಗ ಶನಿವಾರ ರಾತ್ರಿ ಬರುತ್ತಿತ್ತು. ಶನಿವಾರ ರಾತ್ರಿ ಅಂದರೆ ಥಿಯೇಟರ್‌ನವರಿಗೆ ಸುಗ್ಗಿ. ಸೀಟುಗಳು ಖಾಲಿ ಹೊಡೆಯತೊಡಗಿದಾಗ ಅವರು ಗೋಳಾಡಿದರು. ಕಾರ್ಯಕ್ರಮ ಗುರುವಾರಕ್ಕೆ ಹೋಯಿತು. ಈಗ ಗುರುವಾರ ಥಿಯೇಟರ್ ಖಾಲಿ. ಕೊನೆಗೆ ಟೀವಿಯನ್ನೇ ಒಳಗೆ ತಂದು ಕೂರಿಸಿದರು.

ಅದೇ 1955ರಲ್ಲಿ ಇಟಲಿಯಲ್ಲಿ 81.9 ಕೋಟಿ ಸಿನಿಮಾ ಟಿಕೆಟ್ ಮಾರಾಟವಾಗಿತ್ತು. ಆಗ ಆ ದೇಶದ ಜನಸಂಖ್ಯೆ 5 ಕೋಟಿಯೂ ಇರಲಿಲ್ಲ. ಹಸುಗೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೂ ತಲೆಗೆ ವರ್ಷಕ್ಕೆ 16 ಸಿನಿಮಾ ಮೀರುತ್ತದೆ. ಅದು ಶಿಖರ. ಅಲ್ಲಿಂದ ಮುಂದೆ ಇಟಲಿ ಆ ಸಂಖ್ಯೆಯನ್ನು ಮತ್ತೆ ಮುಟ್ಟಲಿಲ್ಲ. ಆದರೆ ಬಿದ್ದದ್ದು ಒಮ್ಮೆಲೇ ಅಲ್ಲ. ಟೀವಿ ಬಂದು 20 ವರ್ಷ ಕಳೆದ ಮೇಲೂ ವರ್ಷಕ್ಕೆ 50 ಕೋಟಿಗೂ ಜಾಸ್ತಿ ಟಿಕೆಟ್ ಹೋಗುತ್ತಿದ್ದವು. ಆಮೇಲೆ ಹತ್ತೇ ವರ್ಷದಲ್ಲಿ ಎಲ್ಲ ಕುಸಿಯಿತು. ಇದು ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದರೆ ಇಟಲಿಯ ಸಿನಿಮಾದ ಬಗ್ಗೆ ನಾವು ಸಾಮಾನ್ಯವಾಗಿ ಕೇಳದ ಒಂದು ಕಥೆ ಸಿಗುತ್ತದೆ.

ಇಟಲಿಯ ಸಿನಿಮಾ ಅಂದರೆ ನಮಗೆ ಮೊದಲು ನೆನಪಾಗುವುದು ನಿರ್ದೇಶಕರು. ರೊಸೆಲಿನಿ, ಡಿ ಸಿಕಾ, ಫೆಲಿನಿ, ವಿಸ್ಕೋಂತಿ, ಲಿಯೋನೆ. ಫಿಲ್ಮ್ ಸೊಸೈಟಿಗಳಲ್ಲಿ ಅವರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆ ಚಿತ್ರಗಳು ಯಾವ ಕಟ್ಟಡದಲ್ಲಿ ಓಡಿದವು, ಯಾರ ದುಡ್ಡಿನಿಂದ ಮುಂದಿನ ಚಿತ್ರ ಹುಟ್ಟಿತು ಅಂತ ಕೇಳುವುದು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಆ ನಿರ್ದೇಶಕರಷ್ಟೇ ಪಾಲು ಥಿಯೇಟರ್‌ಗಳದ್ದೂ ಇದೆ. ಆ ವ್ಯವಸ್ಥೆ ಮುರಿದಾಗ ಆ ಥರದ ಸಿನಿಮಾವೂ ಅದರ ಜೊತೆಗೇ ಹೋಯಿತು.

ಶುರುವಿನಲ್ಲಿ ಗೋಡೆಯೂ ಇರಲಿಲ್ಲ, ಮಾಡೂ ಇರಲಿಲ್ಲ. ಇಟಲಿಯ ಮೊದಲ ಕಥಾಚಿತ್ರ ಅಂತ ಹೆಸರಾದ 'ಲಾ ಪ್ರೇಸಾ ದಿ ರೋಮಾ' 1905ರ ಸೆಪ್ಟೆಂಬರ್ 20ರಂದು ರೋಮಿನ ಪೋರ್ತಾ ಪಿಯಾ ಹೆಬ್ಬಾಗಿಲ ಹತ್ತಿರ, ಬಯಲಿನಲ್ಲೇ ತೋರಿಸಲ್ಪಟ್ಟಿತು. 1870ರಲ್ಲಿ ಇಟಲಿಯ ಸೈನ್ಯ ರೋಮಿನೊಳಗೆ ನುಗ್ಗಿದ್ದು ಅದೇ ಜಾಗದಲ್ಲಿ, ಅದೇ ತಾರೀಖಿಗೆ. ಚಿತ್ರದ ಕಥೆಯೂ ಅದೇ. ಅದನ್ನು ಮಾಡಿದ ಫಿಲೊತೆಯೊ ಆಲ್ಬೆರಿನಿ ರೋಮಿನಲ್ಲಿ 'ಮೊದೆರ್ನೊ' ಅನ್ನುವ ಥಿಯೇಟರನ್ನೂ ನಡೆಸುತ್ತಿದ್ದರು. ಚಿತ್ರ ತೆಗೆಯುವವರೂ ತೋರಿಸುವವರೂ ಒಬ್ಬರೇ ಆಗಿದ್ದ ಕಾಲ ಅದು.

ಗೋಡೆ, ಮಾಡು, ಕುರ್ಚಿ ಎಲ್ಲ ಬೇಕು ಅನಿಸುವಂತೆ ಮಾಡಿದ್ದು ಚಿತ್ರಗಳ ಉದ್ದ. ಹತ್ತು ನಿಮಿಷದ ಚಿತ್ರವನ್ನು ಸಂತೆಯಲ್ಲಿ ನಿಂತೇ ನೋಡಬಹುದು. ಆದರೆ ಇಟಲಿಯವರು 1910ರ ಹೊತ್ತಿಗೆ ಪ್ರಾಚೀನ ರೋಮಿನ ದೊಡ್ಡ ದೊಡ್ಡ ಕಥೆಗಳನ್ನು ಕೈಗೆತ್ತಿಕೊಂಡರು. ಸಾವಿರಾರು ಜನ, ಕಲ್ಲಿನ ದೇವಸ್ಥಾನದಂಥ ಸೆಟ್, ಸಿಂಹಗಳು. ಟೂರಿನ್ ನಗರದಲ್ಲಿ ತಯಾರಾದ, ಜೊವಾನ್ನಿ ಪಾಸ್ತ್ರೋನೆಯವರ 'ಕಬೀರಿಯಾ' 1914ರ ಏಪ್ರಿಲ್ 18ರಂದು ಅದೇ ಊರಿನ ತೆಯಾತ್ರೊ ವಿತ್ತೋರಿಯೊ ಎಮಾನುಯೆಲೆಯಲ್ಲಿ ಬಿಡುಗಡೆಯಾಯಿತು. ಅದು ನಾಟಕ, ಸಂಗೀತ ನಡೆಯುತ್ತಿದ್ದ ಮಂದಿರ. ಜೊತೆಗೆ ವಾದ್ಯವೃಂದ ಇತ್ತು. ಕ್ಯಾಮೆರಾವನ್ನು ಚಕ್ರದ ಗಾಡಿಯ ಮೇಲಿಟ್ಟು ಮೆಲ್ಲಗೆ ಸರಿಸುತ್ತಾ ಚಿತ್ರಿಸುವುದನ್ನು ಪಾಸ್ತ್ರೋನೆ ಈ ಚಿತ್ರದಲ್ಲಿ ಎಷ್ಟು ಚೆನ್ನಾಗಿ ಮಾಡಿದರೆಂದರೆ, ಮುಂದೆ ಆ ಥರದ ಶಾಟಿಗೇ 'ಕಬೀರಿಯಾ ಚಲನೆ' ಅನ್ನುವ ಹೆಸರು ಬಿತ್ತು. ಅಷ್ಟು ಹೊತ್ತು ಕೂತು ನೋಡುವ ಚಿತ್ರ ಬಂದ ಮೇಲೆ ಸಂತೆಯ ಡೇರೆ ಸಾಲದಾಯಿತು. ಶ್ರೀಮಂತರೂ ಬರಬೇಕಾದರೆ ಒಪೆರಾ ಮಂದಿರದಂಥ ಕಟ್ಟಡವೇ ಬೇಕಾಯಿತು.

ಆ ಕಟ್ಟಡಗಳನ್ನು ಕಟ್ಟಿದವರಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ: ಮಾರ್ಚೆಲ್ಲೊ ಪಿಯಾಚೆಂತಿನಿ. ರೋಮಿನಲ್ಲಿ 'ಕೋರ್ಸೊ' 1918ರಲ್ಲಿ, ಫ್ಲಾರೆನ್ಸಿನಲ್ಲಿ 'ಸಾವೋಯಾ' 1922ರಲ್ಲಿ, ಮತ್ತೆ ರೋಮಿನಲ್ಲಿ 'ಬಾರ್ಬೆರಿನಿ' 1930ರಲ್ಲಿ. ಮುಂದೆ ಮುಸ್ಸೋಲಿನಿಯ ಸರ್ಕಾರಕ್ಕೆ ದೊಡ್ಡ ದೊಡ್ಡ ಕಟ್ಟಡ ಕಟ್ಟಿದ ವಾಸ್ತುಶಿಲ್ಪಿ ಇವರೇ. ಆದರೆ ಇವರ ಥಿಯೇಟರ್‌ಗಳಲ್ಲಿ ಒಂದು ಸೊಗಸು ಇದೆ. ಫ್ಲಾರೆನ್ಸಿನ ಥಿಯೇಟರ್ ಒಳಗೆ ಹೋಗಿ ತಲೆ ಎತ್ತಿದರೆ ಬಣ್ಣದ ಗಾಜಿನ ಗುಮ್ಮಟ ಕಾಣುತ್ತದೆ. ಹಳೇ ಅರಮನೆಯೊಂದರ ಹೊಟ್ಟೆಯೊಳಗೆ ಬಾಲ್ಕನಿ, ಬಾಕ್ಸ್, ಪರದೆ ಎಲ್ಲವನ್ನೂ ಕೂರಿಸಿದ್ದಾರೆ.

ಗುಮ್ಮಟ ಅಂದಾಗ ಇನ್ನೊಂದು ವಿಷಯ ಹೇಳಲೇಬೇಕು. ನನಗೆ ಇದು ತುಂಬಾ ಇಷ್ಟ. ಇಟಲಿಯ ಎಷ್ಟೋ ಥಿಯೇಟರ್‌ಗಳಿಗೆ ತೆರೆಯುವ ಮಾಡು ಇತ್ತು. ಯಂತ್ರ ತಿರುಗಿಸಿದರೆ ಮಾಡಿನ ನಡುಭಾಗ ಪಕ್ಕಕ್ಕೆ ಸರಿಯುತ್ತಿತ್ತು. ಬೇಸಿಗೆಯ ಸೆಕೆ ಹೊರಗೆ ಹೋಗಬೇಕಲ್ಲ. ಸಿಗರೇಟಿನ ಹೊಗೆಯೂ ಹೋಗಬೇಕು, ಯಾಕೆಂದರೆ ಥಿಯೇಟರ್ ಒಳಗೆ ಸಿಗರೇಟು ಸೇದಬಾರದು ಅನ್ನುವ ಕಾನೂನು ಅಲ್ಲಿ ಬಂದದ್ದು 1975ರಲ್ಲಿ. ಹೀಗಾಗಿ ಬೇಸಿಗೆಯ ರಾತ್ರಿ ಪರದೆಯ ಮೇಲೆ ಸಿನಿಮಾ, ತಲೆಯ ಮೇಲೆ ನಕ್ಷತ್ರ. ನೇಪಲ್ಸಿನ 'ಮೆತ್ರೊಪೊಲಿತಾನ್' ಇದಕ್ಕೆ ಪೂರಾ ಉಲ್ಟಾ. ಅದು ಬೆಟ್ಟದೊಳಗಿನ ಗುಹೆಯಲ್ಲಿದೆ. ಯುದ್ಧದ ಕಾಲದಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ಜನ ಅದೇ ಗುಹೆಯೊಳಗೆ ಅಡಗುತ್ತಿದ್ದರು.

ಮುಸ್ಸೋಲಿನಿಯ ಕಾಲದಲ್ಲಿ ಸಿನಿಮಾಕ್ಕೆ ಸರ್ಕಾರದ ಕೈ ಬಲವಾಗಿ ತಾಗಿತು. 1932ರಲ್ಲಿ ವೆನಿಸ್ ಚಿತ್ರೋತ್ಸವ, 1937ರ ಏಪ್ರಿಲ್ 28ಕ್ಕೆ ರೋಮಿನ ಹೊರಗೆ ಚಿನೆಚಿತ್ತಾ ಸ್ಟುಡಿಯೋ. ಇವೆರಡೂ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಡಬ್ಬಿಂಗ್ ಕಥೆ. ಮಾತಿನ ಚಿತ್ರಗಳು ಬಂದಾಗ, 1930ರಲ್ಲಿ, ಪರಭಾಷೆಯ ಮಾತು ಇಟಲಿಯ ಪರದೆಯಲ್ಲಿ ಕೇಳಿಸಕೂಡದು ಅಂತ ಸರ್ಕಾರ ಹೇಳಿಬಿಟ್ಟಿತು. ಮೊದಮೊದಲು ವಿದೇಶಿ ಚಿತ್ರದ ಮಾತು ತೆಗೆದು ಅಲ್ಲಲ್ಲಿ ಬರಹದ ಫಲಕ ಹಾಕಿದರು. ಮಾತಿನ ಚಿತ್ರವನ್ನು ಮೂಕಿ ಮಾಡಿದ ಹಾಗೆ! ಆಮೇಲೆ ಡಬ್ಬಿಂಗ್ ಬಂತು. 1933ರಲ್ಲಿ, ಆ ಡಬ್ಬಿಂಗ್ ಇಟಲಿಯಲ್ಲೇ ಆಗಬೇಕು ಅನ್ನುವ ಕಾನೂನೂ ಬಂತು. ಕನ್ನಡದಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ಆಡಿದವರು ನಾವು. ಅದಕ್ಕೇ ನಮಗೆ ಈ ಕಥೆ ಸ್ವಾರಸ್ಯ ಅನಿಸಬೇಕು. ಅಲ್ಲಿ ಡಬ್ಬಿಂಗ್ ಒಂದು ದೊಡ್ಡ ಕಸುಬಾಗಿ ಬೆಳೆಯಿತು. ಇಟಲಿಯ ಹಾಸ್ಯದ ದೊರೆ ಆಲ್ಬೆರ್ತೊ ಸೋರ್ದಿ ಮೊದಲು ಜನರಿಗೆ ತಲುಪಿದ್ದು ದನಿಯಾಗಿ. ಲಾರೆಲ್ ಮತ್ತು ಹಾರ್ಡಿ ಜೋಡಿಯ ದಪ್ಪನೆಯ ಹಾರ್ಡಿಗೆ ಅವರದೇ ಕಂಠ.

ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿಯಿತೆಂದರೆ, ಇಟಲಿಯವರು ತಮ್ಮ ಚಿತ್ರಗಳನ್ನೂ ಮಾತಿಲ್ಲದೆ ಚಿತ್ರಿಸಿ ಆಮೇಲೆ ದನಿ ಕೂರಿಸುತ್ತಿದ್ದರು. ಫೆಲಿನಿಯ ಸೆಟ್ಟಿನಲ್ಲಿ ಕೆಲವು ನಟರು ಸಂಭಾಷಣೆ ಹೇಳುವ ಬದಲು ಸುಮ್ನೆ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದರು. ಮಾತು ಆಮೇಲೆ ಬರುತ್ತಿತ್ತು. ಒಂದೇ ದೃಶ್ಯದಲ್ಲಿ ಒಬ್ಬ ನಟ ಇಂಗ್ಲಿಷಿನಲ್ಲಿ, ಇನ್ನೊಬ್ಬ ಫ್ರೆಂಚಿನಲ್ಲಿ, ಮತ್ತೊಬ್ಬ ಇಟಾಲಿಯನ್ನಿನಲ್ಲಿ ಮಾತಾಡಿದರೂ ತೊಂದರೆ ಇರಲಿಲ್ಲ. ಹೊರದೇಶದ ತಾರೆಯರನ್ನು ಕರೆತಂದು ಚಿತ್ರ ಮಾಡುವುದು ಇದರಿಂದ ಸುಲಭವಾಯಿತು. ಥಿಯೇಟರ್‌ನಲ್ಲಿ ಕೂತವನಿಗೆ ಎಲ್ಲವೂ ಶುದ್ಧ ಇಟಾಲಿಯನ್. ಮನೆಯಲ್ಲಿ ಅವನು ಆಡುವುದು ಮಿಲಾನಿನದೋ ನೇಪಲ್ಸಿನದೋ ಆಡುಮಾತು. ಪುಸ್ತಕದ ಇಟಾಲಿಯನ್ ಅವನ ಕಿವಿಗೆ ಬಿದ್ದದ್ದರಲ್ಲಿ ಥಿಯೇಟರ್‌ನ ಪಾಲು ದೊಡ್ಡದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಥಿಯೇಟರ್‌ಗಳು ನಾಯಿಕೊಡೆಯ ಹಾಗೆ ಎದ್ದವು. 1950ರ ದಶಕದ ನಡುವಿಗೆ 10,000ಕ್ಕೂ ಹೆಚ್ಚು. ಇವೆಲ್ಲ ಒಂದೇ ಮಟ್ಟದವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇದ್ದವು. ಮೇಲಿನ ಮೆಟ್ಟಿಲಿಗೆ 'ಪ್ರೀಮಾ ವಿಸಿಯೋನೆ' ಅಂತ ಹೆಸರು, ಅಂದರೆ ಮೊದಲ ನೋಟ. ಗಾಂಧಿನಗರದ ಭಾಷೆಯಲ್ಲಿ ಹೇಳುವುದಾದರೆ ಮೇನ್ ಥಿಯೇಟರ್. ಅದರ ಕೆಳಗೆ 'ಸೆಕೊಂದಾ ವಿಸಿಯೋನೆ', ಎರಡನೇ ನೋಟ. ಇನ್ನೂ ಕೆಳಗೆ 'ತೆರ್ಜಾ ವಿಸಿಯೋನೆ', ಮೂರನೇ ನೋಟ. ಇವುಗಳ ಪಕ್ಕದಲ್ಲೇ ಚರ್ಚಿನವರು ನಡೆಸುವ ಸಾವಿರಾರು ಹಾಲ್‌ಗಳು.

ಒಂದು ಪ್ರಿಂಟನ್ನು ಹಿಂಬಾಲಿಸಿಕೊಂಡು ಹೋಗೋಣ. ಚಿತ್ರ ಮೊದಲು ರೋಮಿನ ಬಾರ್ಬೆರಿನಿ, ಮಿಲಾನಿನ ಓದಿಯೋನ್ ಥರದ ಅರಮನೆಗಳಲ್ಲಿ ಬಿಡುಗಡೆ. ಮೆತ್ತನೆ ಸೀಟು, ಅಮೃತಶಿಲೆಯ ಮೆಟ್ಟಿಲು, ಟಾರ್ಚ್ ಹಿಡಿದು ಜಾಗ ತೋರಿಸುವ ಸಮವಸ್ತ್ರದವರು. ಟಿಕೆಟ್ ದುಬಾರಿ. ಮದುವೆಗೆ ಹೊರಟವರ ಹಾಗೆ ಬಟ್ಟೆ ಹಾಕಿಕೊಂಡು ಜನ ಬರುತ್ತಾರೆ. ಅಲ್ಲಿ ಓಡುವಷ್ಟು ಓಡಿದ ಮೇಲೆ ಅದೇ ಪ್ರಿಂಟು ಬಡಾವಣೆಯ ಎರಡನೇ ದರ್ಜೆ ಥಿಯೇಟರ್‌ಗೆ ಹೋಗುತ್ತದೆ. ಟಿಕೆಟ್ ಅಗ್ಗ. ಪ್ರಿಂಟಿನ ಮೇಲೆ ಗೀರುಗಳು. ಇನ್ನೂ ಕೆಲವು ತಿಂಗಳ ಮೇಲೆ ಊರಂಚಿನ ಮೂರನೇ ದರ್ಜೆ. ಮರದ ಕುರ್ಚಿ. ಅಲ್ಲಲ್ಲಿ ಹರಿದು ಅಂಟಿಸಿದ ರೀಲು. ಕಾಲ ಕೆಳಗೆ ಹುರಿದ ಕುಂಬಳಬೀಜದ ಸಿಪ್ಪೆ. ಆಮೇಲೆ ಸಣ್ಣ ಊರುಗಳು, ಬೇಸಿಗೆಯ ಬಯಲು ಥಿಯೇಟರ್‌ಗಳು. ಹೀಗೆ ಒಂದು ಚಿತ್ರ ವರ್ಷಗಟ್ಟಲೆ ದುಡಿಯುತ್ತಿತ್ತು. ನಮ್ಮಲ್ಲಿ ಬೆಂಗಳೂರಿನ ಮೇನ್ ಥಿಯೇಟರ್‌ನಿಂದ ಜಿಲ್ಲೆಗೆ, ತಾಲ್ಲೂಕಿಗೆ, ಕೊನೆಗೆ ಟೆಂಟಿಗೆ ಪ್ರಿಂಟು ಇಳಿದುಬರುತ್ತಿದ್ದುದನ್ನು ಕಂಡವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ನಂಟೂ ಇದೆ. ಇಂಟರ್ವೆಲ್! ಅಮೆರಿಕದಲ್ಲಿ ಸಾಮಾನ್ಯವಾಗಿ ಸಿನಿಮಾ ಒಂದೇ ಉಸಿರಿಗೆ ಓಡುತ್ತದೆ. ಇಟಲಿಯಲ್ಲಿ ಹಾಗಲ್ಲ. 'ಪ್ರೀಮೊ ತೆಂಪೊ', 'ಸೆಕೊಂದೊ ತೆಂಪೊ' ಅಂತ ಎರಡು ಭಾಗ. ನಡುವೆ ದೀಪ ಹತ್ತುತ್ತಿತ್ತು, ಐಸ್‌ಕ್ರೀಮ್ ಮಾರುವವನು ಬರುತ್ತಿದ್ದ. ಆದರೆ ನಮ್ಮಲ್ಲಿ ಇಲ್ಲದ ಒಂದು ಪದ್ಧತಿ ಅಲ್ಲಿತ್ತು. ಒಂದೇ ಟಿಕೆಟ್ಟಿಗೆ ಯಾವಾಗ ಬೇಕಾದರೂ ಒಳಗೆ ಹೋಗಬಹುದು, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಕ್ಲೈಮ್ಯಾಕ್ಸಿಗೆ ಬಂದು ಕೂತು, ಮುಂದಿನ ಆಟದಲ್ಲಿ ಶುರುವಿನಿಂದ ನೋಡಿ, ತಾನು ಬಂದ ದೃಶ್ಯ ಮತ್ತೆ ಬಂದಾಗ ಎದ್ದು ಹೋಗುವವರು ಬೇಕಾದಷ್ಟು ಜನ. ಚಳಿಗಾಲದಲ್ಲಿ ಮನೆಯಲ್ಲಿ ಬೆಚ್ಚಗಿನ ವ್ಯವಸ್ಥೆ ಇಲ್ಲದವರು ಇಡೀ ಮಧ್ಯಾಹ್ನ ಅಲ್ಲೇ ಕಳೆಯಬಹುದಿತ್ತು.

ಈ ಮೆಟ್ಟಿಲುಗಳು ಚಿತ್ರಗಳನ್ನು ಹೇಗೆ ರೂಪಿಸಿದವು ಅನ್ನುವುದಕ್ಕೆ ತಿತಾನುಸ್ ಕಂಪನಿಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನೇಪಲ್ಸಿನಲ್ಲಿ ಗುಸ್ತಾವೊ ಲೊಂಬಾರ್ದೊ ಕಟ್ಟಿದ ಕಂಪನಿ ಅದು. 1949ರಲ್ಲಿ ಅದು 'ಕತೇನೆ' ಅನ್ನುವ ಚಿತ್ರ ತೆಗೆಯಿತು. 'ಸಂಕೋಲೆಗಳು' ಅಂತ ಅರ್ಥ. ನಿರ್ದೇಶಕ ರಫಾಯೆಲ್ಲೊ ಮತರಾಜ್ಜೊ. ತಾಯಿ, ಮಕ್ಕಳು, ಗಂಡನ ಅನುಮಾನ, ಹಳೆಯ ಪ್ರೇಮಿ, ಕಣ್ಣೀರು. ವಿಮರ್ಶಕರು ಮೂಗು ಮುರಿದರು. ಜನ ಮುಗಿಬಿದ್ದರು. ದಕ್ಷಿಣ ಇಟಲಿಯಲ್ಲಿ, ಸಣ್ಣ ಊರುಗಳಲ್ಲಿ, ಕೆಳಗಿನ ಮೆಟ್ಟಿಲುಗಳಲ್ಲಿ ಅದಕ್ಕೆ ಬಂದ ದುಡ್ಡು ಅಷ್ಟಿಷ್ಟಲ್ಲ. ಅದೇ ಜೋಡಿ, ಅಮೆದೆಯೊ ನಜ್ಜಾರಿ ಮತ್ತು ಇವೊನ್ ಸಾನ್ಸೊನ್, ಅದೇ ಥರದ ಇನ್ನಷ್ಟು ಕಣ್ಣೀರಿನ ಚಿತ್ರಗಳಲ್ಲಿ ಬಂದರು.

ಹೀಗೆ ಬೆಳೆದ ಕಂಪನಿ 1963ರಲ್ಲಿ ವಿಸ್ಕೋಂತಿಯ 'ಇಲ್ ಗತ್ತೊಪಾರ್ದೊ' ತೆಗೆಯಿತು. ಸಿಸಿಲಿಯ ಹಳೇ ಜಮೀನ್ದಾರಿ ಮನೆತನವೊಂದು ಕರಗಿಹೋಗುವ ಕಥೆ. ಕೊನೆಯ ನೃತ್ಯದ ದೃಶ್ಯವೇ ಮುಕ್ಕಾಲು ಗಂಟೆಯಷ್ಟಿದೆ. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಅದಕ್ಕೇ ಬಂತು. ಆದರೆ ಖರ್ಚು ಕೈಮೀರಿ ಹೋಗಿತ್ತು. ಅದೇ ಹೊತ್ತಿಗೆ ಇನ್ನೊಂದು ದುಬಾರಿ ಚಿತ್ರವೂ ಕೈ ಕಚ್ಚಿತು. ತಿತಾನುಸ್ ಚಿತ್ರ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಕೆಳಗಿನ ಮೆಟ್ಟಿಲಿನ ಚಿಲ್ಲರೆ ಕಾಸು ಮೇಲಿನ ಮೆಟ್ಟಿಲಿನ ಅದ್ದೂರಿತನವನ್ನು ಎಷ್ಟು ದೂರ ಹೊರಬಲ್ಲದು ಅನ್ನುವುದಕ್ಕೆ ಆ ನೃತ್ಯದ ದೃಶ್ಯವೇ ಅಳತೆಗೋಲು. ನಾವು ಇವತ್ತು ಬಾಯಿಬಿಟ್ಟುಕೊಂಡು ನೋಡುವ ಆ ದೃಶ್ಯದ ಹಿಂದೆ, 'ಕತೇನೆ' ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡ ಹೆಂಗಸರ ದುಡ್ಡಿದೆ. ಇದನ್ನು ಯಾವಾಗ ಯೋಚಿಸಿದರೂ ನನ್ನ ಮನಸ್ಸು ತುಂಬಿ ಬರುತ್ತದೆ.

ಚರ್ಚಿನ ಹಾಲ್‌ಗಳದ್ದು ಬೇರೆಯೇ ದಾರಿ. ಯಾವ ಚಿತ್ರ ಯಾರು ನೋಡಬಹುದು ಅಂತ ಕ್ಯಾಥೊಲಿಕ್ ಸಂಸ್ಥೆಯೊಂದು ಪಟ್ಟಿ ಮಾಡಿ ಚರ್ಚಿನ ಬಾಗಿಲಿಗೆ ಹಚ್ಚುತ್ತಿತ್ತು. ಪಾದ್ರಿಗಳ ಒಪ್ಪಿಗೆ ಇಲ್ಲದ ಚಿತ್ರಕ್ಕೆ ಆ ಸಾವಿರಾರು ಹಾಲ್‌ಗಳ ಬಾಗಿಲು ಮುಚ್ಚಿದಂತೆಯೇ. 1960ರಲ್ಲಿ ಫೆಲಿನಿಯ 'ಲಾ ದೋಲ್ಚೆ ವೀತಾ' ಬಂದಾಗ ವ್ಯಾಟಿಕನ್ನಿನ ಪತ್ರಿಕೆ ಬೆಂಕಿ ಕಾರಿತು. ಫೆಬ್ರುವರಿ 5ರಂದು 'ಕಾಪಿತೋಲ್' ಥಿಯೇಟರ್‌ನಲ್ಲಿ ಮಿಲಾನಿನ ಮೊದಲ ಆಟ. ಆಟ ಮುಗಿದಾಗ ಪ್ರೇಕ್ಷಕರಲ್ಲಿ ಒಬ್ಬರು ಫೆಲಿನಿಯ ಮೇಲೆ ಉಗುಳಿದರು. ಮೇನ್ ಥಿಯೇಟರ್‌ಗೆ ಬಂದವರು ಊರಿನ ದೊಡ್ಡ ಮನುಷ್ಯರು. ಪರದೆಯ ಮೇಲೆ ಕಂಡದ್ದು ಅವರದೇ ಬದುಕು. ಸಿಟ್ಟು ಬರದೆ ಇರುತ್ತದಾ? ಆದರೆ ಗಲಾಟೆಯ ಸುದ್ದಿ ಹರಡಿದ್ದೇ ತಡ, ಜನ ಸಾಲುಗಟ್ಟಿದರು. ಆ ಹಂಗಾಮಿನಲ್ಲಿ ಇಟಲಿಯಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ ಅದೇ ಆಯಿತು. ಮೂರು ಗಂಟೆಯ, ನೆಟ್ಟಗೆ ಕಥೆಯೇ ಇಲ್ಲದ ಚಿತ್ರ!

ನಾಲ್ಕು ವರ್ಷದ ನಂತರ, 1964ರ ಸೆಪ್ಟೆಂಬರಿನಲ್ಲಿ, ಫ್ಲಾರೆನ್ಸಿನ ಒಂದು ಥಿಯೇಟರ್‌ನಲ್ಲಿ ದೊಡ್ಡ ಪ್ರಚಾರ ಇಲ್ಲದೆ ಒಂದು ಕುದುರೆ-ಪಿಸ್ತೂಲಿನ ಚಿತ್ರ ಬಿಡುಗಡೆಯಾಯಿತು. ನಿರ್ದೇಶಕನ ಹೆಸರು ಬಾಬ್ ರಾಬರ್ಟ್ಸನ್ ಅಂತಿತ್ತು. ನಿಜವಾದ ಹೆಸರು ಸೆರ್ಜಿಯೊ ಲಿಯೋನೆ. ಚಿತ್ರ 'ಪೆರ್ ಉನ್ ಪುನ್ಯೊ ದಿ ದೊಲ್ಲಾರಿ', ಒಂದು ಹಿಡಿ ಡಾಲರಿಗಾಗಿ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಚಿತ್ರ ಎದ್ದು ನಿಂತಿತು. ಈಗಿನ ಹಾಗೆ ಮೊದಲ ಮೂರು ದಿನದಲ್ಲೇ ಹಣೆಬರಹ ಬರೆಯುವ ಕಾಲವಾಗಿದ್ದರೆ ಅದು ಉಳಿಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಮೆಟ್ಟಿಲಿನ ವ್ಯವಸ್ಥೆ ಚಿತ್ರಕ್ಕೆ ಕಾಲಾವಕಾಶ ಕೊಡುತ್ತಿತ್ತು. ಅದರ ದೊಡ್ಡ ಗುಣ ಅದೇ.

ಹಾಗಾದರೆ ಮುರಿದದ್ದು ಹೇಗೆ? ಟೀವಿ ಒಂದೇ ಕಾರಣ ಅಂತ ಹೇಳಿದರೆ ಪೂರ್ತಿ ಸರಿಯಾಗುವುದಿಲ್ಲ. 1954ರ ಜನವರಿ 3ಕ್ಕೆ ಶುರುವಾದ ಸರ್ಕಾರಿ ಟೀವಿ ಸಿನಿಮಾ ತೋರಿಸುತ್ತಿದ್ದುದು ತೀರಾ ಕಡಿಮೆ. ಅದರ ಜೊತೆ ಥಿಯೇಟರ್ ಹೇಗೋ ಬದುಕಿತು. 1976ರಲ್ಲಿ ಇಟಲಿಯ ಸಂವಿಧಾನ ನ್ಯಾಯಾಲಯ, ಸ್ಥಳೀಯ ಮಟ್ಟದಲ್ಲಿ ಖಾಸಗಿಯವರೂ ಟೀವಿ ನಡೆಸಬಹುದು ಅಂತ ತೀರ್ಪು ಕೊಟ್ಟಿತು. ಊರೂರಿಗೆ ಚಾನೆಲ್‌ಗಳು ಹುಟ್ಟಿದವು. ಅವಕ್ಕೆ ಕಾರ್ಯಕ್ರಮ ತಯಾರಿಸಲು ದುಡ್ಡಿಲ್ಲ. ಸುಲಭವಾಗಿ ಸಿಗುವುದು ಹಳೇ ಸಿನಿಮಾ. ಬೆಳಗ್ಗಿನಿಂದ ರಾತ್ರಿಯವರೆಗೆ ಅದನ್ನೇ ಹಾಕಿದರು. ಈಗ ಯೋಚಿಸಿ. ಹೊಸ ಚಿತ್ರ ನೋಡಲು ಮೇನ್ ಥಿಯೇಟರ್‌ಗೆ ಹೋಗುವವನು ಇನ್ನೂ ಹೋಗುತ್ತಾನೆ. ಆದರೆ ಹಳೇ ಚಿತ್ರವನ್ನು ಅಗ್ಗದ ಟಿಕೆಟ್ಟಿಗೆ ತೋರಿಸುವ ಮೂರನೇ ಮೆಟ್ಟಿಲಿಗೆ ಯಾರು ಹೋಗುತ್ತಾರೆ? ಅದೇ ಚಿತ್ರ ಮನೆಯಲ್ಲಿ ಪುಕ್ಕಟೆ.

ಏಣಿ ಮುರಿದದ್ದು ಕೆಳಗಿನಿಂದ. ಎರಡನೇ, ಮೂರನೇ ದರ್ಜೆಯವು ಒಂದೊಂದಾಗಿ ಬಾಗಿಲು ಹಾಕಿದವು. ಕೆಲವು ನೀಲಿ ಚಿತ್ರಗಳಿಗೆ ತಿರುಗಿಕೊಂಡು ಸ್ವಲ್ಪ ದಿನ ಉಸಿರಾಡಿದವು. 1975ರಲ್ಲಿ 51 ಕೋಟಿ ಟಿಕೆಟ್ ಮಾರಿದ್ದ ದೇಶ 1985ರಲ್ಲಿ ಮಾರಿದ್ದು ಸುಮಾರು 12 ಕೋಟಿ. ಕೆಳಗಿನಿಂದ ಬರುತ್ತಿದ್ದ ದುಡ್ಡು ನಿಂತ ಮೇಲೆ ಕಣ್ಣೀರಿನ ಚಿತ್ರ, ಪೈಲ್ವಾನರ ಚಿತ್ರ, ಕುದುರೆ ಚಿತ್ರ ಮಾಡುವವರೂ ನಿಂತರು. ಅವರಿಂದ ಕೆಲಸ ಕಲಿಯುತ್ತಿದ್ದ ಕ್ಯಾಮೆರಾದವರು, ಸೆಟ್ಟಿನವರು, ಬರಹಗಾರರು ಟೀವಿ ಕಡೆ ಹೋದರು.

ಅದರ ನಡುವೆ ಒಂದು ದುರಂತ ನಡೆಯಿತು. 1983ರ ಫೆಬ್ರುವರಿ 13, ಭಾನುವಾರ ಸಂಜೆ. ಟೂರಿನ್‌ನ 'ಸ್ತಾತುತೊ' ಥಿಯೇಟರ್‌ನಲ್ಲಿ ಒಂದು ಫ್ರೆಂಚ್ ಹಾಸ್ಯಚಿತ್ರ ಓಡುತ್ತಿತ್ತು. ಬೆಂಕಿ ಹತ್ತಿಕೊಂಡಿತು. ಟಿಕೆಟ್ ಇಲ್ಲದವರು ನುಸುಳಬಾರದು ಅಂತ ಪಕ್ಕದ ಬಾಗಿಲುಗಳನ್ನು ಹಾಕಿಬಿಟ್ಟಿದ್ದರು. ಸೀಟಿನ ಬಟ್ಟೆ, ಸ್ಪಂಜು ಸುಟ್ಟು ವಿಷದ ಹೊಗೆ ಎದ್ದಿತು. 64 ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ಬಾಲ್ಕನಿಯಲ್ಲಿದ್ದವರು. ಹದಿನಾಲ್ಕು ವರ್ಷದ ಮೇಲೆ ದೆಹಲಿಯ ಉಪಹಾರ್ ಥಿಯೇಟರ್‌ನಲ್ಲಿ 59 ಜನ ಸತ್ತಾಗಲೂ ಹೊಗೆ ಮತ್ತು ಮುಚ್ಚಿದ ಬಾಗಿಲಿನ ಇದೇ ಕಥೆ ಕೇಳಿದೆವು. ಸ್ತಾತುತೊ ಬೆಂಕಿಯ ನಂತರ ಇಟಲಿ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿತು. ಮಾಡಲೇಬೇಕಿತ್ತು. ಆದರೆ ಹೊಸ ಬಾಗಿಲು, ಹೊಸ ಸೀಟು, ಹೊಸ ವೈರಿಂಗಿಗೆ ದುಡ್ಡಿಲ್ಲದ ಹಳೇ ಥಿಯೇಟರ್‌ಗಳು ಕೈಚೆಲ್ಲಿದವು.

ಮೇಲಿನ ಮೆಟ್ಟಿಲು ಇನ್ನೂ ಸ್ವಲ್ಪ ಕಾಲ ಉಳಿಯಿತು. ದೊಡ್ಡ ಹಾಲನ್ನು ಒಡೆದು ಐದು, ಹತ್ತು ಸಣ್ಣ ಸ್ಕ್ರೀನ್ ಮಾಡಿಕೊಂಡರು. ಬಾರ್ಬೆರಿನಿಯೂ ಹೀಗೇ ಹಂಚಿಹೋಯಿತು. ಅವುಗಳನ್ನು ಕೊನೆಗೆ ತಿಂದದ್ದು ಜಾಗದ ಬೆಲೆ. ಲೆಕ್ಕ ಸರಳ. ಸಿನಿಮಾಕ್ಕೆ ದುಡ್ಡು ಬರುವುದು ಸಂಜೆ ಮತ್ತು ರಜಾ ದಿನ. ಬೇಸಿಗೆಯಲ್ಲಿ ಇಟಲಿಯ ಊರುಗಳೇ ಖಾಲಿ. ಬಟ್ಟೆ ಅಂಗಡಿಗೆ ದಿನವಿಡೀ, ವರ್ಷವಿಡೀ ವ್ಯಾಪಾರ. ಊರಿನ ಎದೆಭಾಗದ ಬೀದಿಯಲ್ಲಿ ಯಾರು ಹೆಚ್ಚು ಬಾಡಿಗೆ ಕೊಡಬಲ್ಲರು ಹೇಳಿ. ಮಿಲಾನಿನಲ್ಲಿ 'ಆಸ್ತ್ರಾ' ಥಿಯೇಟರ್ ಜಾರಾ ಬಟ್ಟೆ ಅಂಗಡಿಯಾಯಿತು. 'ಅಪೊಲ್ಲೊ' ಇದ್ದ ಜಾಗದಲ್ಲಿ 2018ರಲ್ಲಿ ಆಪಲ್ ಮಳಿಗೆ ತೆರೆಯಿತು. 1929ರಿಂದ ನಡೆಯುತ್ತಿದ್ದ ಓದಿಯೋನ್ 2023ರ ಜುಲೈ ಕೊನೆಗೆ ಮುಚ್ಚಿತು. ರೋಮಿನಲ್ಲಿ ಪಿಯಾಚೆಂತಿನಿಯ ಕೋರ್ಸೊ ಈಗ ಲೂಯಿ ವಿಟಾನ್ ಮಳಿಗೆ. ಫ್ಲಾರೆನ್ಸಿನ 'ಗಂಬ್ರಿನೂಸ್' ಹಾರ್ಡ್ ರಾಕ್ ಕೆಫೆ.

ಸುಮ್ಮನೆ ನೋಡುತ್ತಾ ಕೂರದವರೂ ಇದ್ದಾರೆ. ರೋಮಿನ ತ್ರಾಸ್ತೆವೆರೆಯಲ್ಲಿ 'ಅಮೆರಿಕ' ಅನ್ನುವ 1956ರ ಥಿಯೇಟರ್ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿತ್ತು. ಅದನ್ನು ಕೆಡವಿ ಮನೆ, ಪಾರ್ಕಿಂಗ್ ಕಟ್ಟುವ ಯೋಜನೆ ಇತ್ತು. 2012ರ ನವೆಂಬರಿನಲ್ಲಿ ಒಂದಷ್ಟು ಹುಡುಗ ಹುಡುಗಿಯರು ಒಳಗೆ ಹೋಗಿ ಕೂತುಬಿಟ್ಟರು. ಗುಡಿಸಿದರು, ಸಿನಿಮಾ ತೋರಿಸಿದರು. ಎರಡು ವರ್ಷದ ನಂತರ, 2014ರ ಸೆಪ್ಟೆಂಬರಿನಲ್ಲಿ, ಪೊಲೀಸರು ಅವರನ್ನು ಹೊರಗೆ ಹಾಕಿದರು. ಅವರು ಹತ್ತಿರದ ಸಾನ್ ಕೊಸಿಮಾತೊ ಚೌಕದಲ್ಲಿ ಪರದೆ ಕಟ್ಟಿ ಬೇಸಿಗೆಯಿಡೀ ಪುಕ್ಕಟೆ ಸಿನಿಮಾ ಶುರು ಮಾಡಿದರು. 2021ರಲ್ಲಿ ಅದೇ ತಂಡ 'ತ್ರೊಯಿಸಿ' ಅನ್ನುವ ಮುಚ್ಚಿದ್ದ ಥಿಯೇಟರನ್ನು ಮತ್ತೆ ತೆರೆಯಿತು. ಹಗಲು ರಾತ್ರಿ ತೆರೆದಿರುವ ಓದುವ ಕೋಣೆಯೂ ಅಲ್ಲಿದೆ. 2025ರಲ್ಲಿ, ಮುಚ್ಚಿದ ಥಿಯೇಟರ್‌ಗಳನ್ನು ಅಂಗಡಿ, ಹೋಟೆಲ್ ಮಾಡಲು ದಾರಿ ಸುಲಭ ಮಾಡುವ ಪ್ರಸ್ತಾಪ ಬಂದಾಗ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅದನ್ನು ವಿರೋಧಿಸಿದರು. ಮಾರ್ಟಿನ್ ಸ್ಕೋರ್ಸೆಸೆಯಂಥ ನಿರ್ದೇಶಕರೂ ದನಿಗೂಡಿಸಿದರು.

ಫ್ಲಾರೆನ್ಸಿನ ಸಾವೋಯಾ, ಮುಂದೆ ಅದರ ಹೆಸರೂ ಓದಿಯೋನ್ ಆಯಿತು, 2023ರಿಂದ ಹಗಲು ಪುಸ್ತಕದಂಗಡಿ, ರಾತ್ರಿ ಸಿನಿಮಾ. ಗಾಜಿನ ಗುಮ್ಮಟ ಹಾಗೇ ಇದೆ. ಅದೇ ವರ್ಷ ಬೊಲೊನ್ಯಾದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಊರಿನ ನಡುವೆ, ನೆಲದ ಕೆಳಗೆ ಇರುವ 'ಮೊದೆರ್ನಿಸ್ಸಿಮೊ' 1915ರ ಥಿಯೇಟರ್. ಎಷ್ಟೋ ವರ್ಷ ಕತ್ತಲಲ್ಲಿತ್ತು. ಚಿನೆತೆಕಾ ದಿ ಬೊಲೊನ್ಯಾ ಅನ್ನುವ ನಗರದ ಚಿತ್ರಭಂಡಾರ ಅದನ್ನು 1915ರ ಚೆಂದಕ್ಕೇ ಮರಳಿಸಿತು. ಚಿತ್ರಗಳಿಗೆ ಸೆಟ್ ಹಾಕುವ ಕಲಾ ನಿರ್ದೇಶಕ ಜಾನ್‌ಕಾರ್ಲೊ ಬಸಿಲಿ ಅದರ ಒಳಾಂಗಣ ಮಾಡಿದರು. ಮೆಟ್ಟಿಲು ಇಳಿದು ಹೋದರೆ ನಿಮಗೆ ಸಿಗುವುದು ಮತ್ತೆ ಒಂದು ಮೇನ್ ಥಿಯೇಟರ್.

ಈ ಬೊಲೊನ್ಯಾಕ್ಕೂ ನಮಗೂ ನೇರ ಸಂಬಂಧ ಇದೆ. ಹಾಳಾಗುತ್ತಿರುವ ಹಳೇ ಚಿತ್ರಗಳಿಗೆ ಜೀವ ಕೊಡುವ ಲಿಮ್ಮಾಜಿನೆ ರಿತ್ರೊವಾತಾ ಅನ್ನುವ ಲ್ಯಾಬ್ ಅದೇ ಚಿತ್ರಭಂಡಾರಕ್ಕೆ ಸೇರಿದ್ದು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಮತ್ತೆ ಸ್ವಚ್ಛಗೊಳಿಸಿದ್ದು ಆ ಲ್ಯಾಬಿನಲ್ಲೇ. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಯಮುನಕ್ಕನ ಆ ಅಗ್ರಹಾರ, 1932ರಲ್ಲಿ ಶುರುವಾದ ಉತ್ಸವದ ಪರದೆಯ ಮೇಲೆ.

ಬೇಸಿಗೆ ಬಂದರೆ ಬೊಲೊನ್ಯಾದವರು ಪಿಯಾಜ್ಜಾ ಮಾಜೊರೆ ಚೌಕದಲ್ಲಿ ದೊಡ್ಡ ಪರದೆ ಕಟ್ಟುತ್ತಾರೆ. ಟಿಕೆಟ್ ಇಲ್ಲ. ಯಾರು ಬೇಕಾದರೂ ಬಂದು ಕೂರಬಹುದು. 2025ರ ಜೂನ್ 27ರ ರಾತ್ರಿ ಅಲ್ಲಿ 'ಶೋಲೆ' ಓಡಿತು. ಕತ್ತರಿ ಬೀಳದ, ಮೂಲ ಕ್ಲೈಮ್ಯಾಕ್ಸ್ ಇರುವ, ಹೊಸದಾಗಿ ಸರಿಪಡಿಸಿದ ಪ್ರತಿ. ಫ್ಲಾರೆನ್ಸಿನಲ್ಲಿ ಸದ್ದಿಲ್ಲದೆ ಬಿಡುಗಡೆಯಾದ ಲಿಯೋನೆಯ ಕುದುರೆ ಚಿತ್ರಗಳ ನೆರಳು 'ಶೋಲೆ'ಯ ಮೇಲೆ ಎಷ್ಟಿದೆ ಅಂತ ಸಿನಿಮಾ ನೋಡುವವರಿಗೆ ಗೊತ್ತೇ ಇದೆ. ಅರ್ಧ ಶತಮಾನದ ನಂತರ ಅದು ಇಟಲಿಗೆ ಹೋಗಿ ಬಯಲಿನಲ್ಲಿ, ಹಳೇ ಕಟ್ಟಡಗಳ ನಡುವೆ, ನಕ್ಷತ್ರಗಳ ಕೆಳಗೆ ಓಡಿತು. ಪರದೆಯ ತುಂಬಾ ನಮ್ಮ ರಾಮನಗರದ ಬಂಡೆಗಳು.